ಗಿಣ್ಣದಂಗ, ಆದರ ಗಿಣ್ಣ ಅಲ್ಲ

ಪನ್ನಾ ಕೋಟಾ ಎಂಬ ಸಿಹಿತಿಂಡಿಗೆ ನಾನು ಮೊದಲು ಕೊಟ್ಟ ಕನ್ನಡ ಹೆಸರು ‘ಘನೀಕೃತ ಕ್ಷೀರಸಾರ’. ಹೋಟೆಲಿನ ಮಾಲಕಿ ಆ ಹಾಳೆಯನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು, ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು:

“ಅಕ್ಕಾರ, ಇದು ತಿನ್ನೂದೋ, ಮೈಗೆ ಹಚ್ಚಿಕೊಳ್ಳೂದೋ?”

ಪಕ್ಕದಲ್ಲಿ ನಿಂತಿದ್ದ ಶೆಫ್ ನಗು ತಡೆಯಲಾರದೆ ಅಡುಗೆಮನೆಯ ಒಳಗೆ ಹೋಗಿಬಿಟ್ಟರು. ಒಳಗಿನಿಂದ ಅವರ ನಗು ಪಾತ್ರೆಗಳ ಸದ್ದಿನ ಜೊತೆ ಬಹಳ ಹೊತ್ತು ಕೇಳುತ್ತಿತ್ತು.

ಬೀಜದ ಪಾಕೀಟಿನ ಹಿಂದಿನ ಸೂಚನೆ, ನೀರೆತ್ತುವ ಪಂಪಿನ ಕೈಪಿಡಿ, ವಿಮೆಯ ಅರ್ಜಿ, ಇಂಥವನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಊಟದ ಮೆನು ಕಾರ್ಡು ಬಂದದ್ದು ಅದೇ ಮೊದಲು. ಹೋಟೆಲು ವಿಜಯಪುರದಲ್ಲಿ, ಒಂದು ಕಟ್ಟಡದ ಮೇಲಂತಸ್ತಿನಲ್ಲಿತ್ತು. ಕಿಟಕಿಯ ಪಕ್ಕ ಕೂತರೆ ಗೋಳಗುಮ್ಮಟದ ನೆತ್ತಿ ಕಾಣುತ್ತದೆ. ಮಾಲಕಿ ನನ್ನ ಹಾಗೇ ಸಿಂದಗಿಯವರು. ಶೆಫ್ ಮಂಗಳೂರು ಕಡೆಯವರು. ಗೋವಾದ ದೊಡ್ಡ ಹೋಟೆಲುಗಳಲ್ಲಿ ದುಡಿದು ಬಂದವರು. ಮೊಟ್ಟೆ ಕೂಡ ಮುಟ್ಟದ ಆ ಅಡುಗೆಮನೆಯಲ್ಲಿ ಅವರು ಇಟಲಿಯ, ಸ್ಪೇನಿನ ತಿನಿಸುಗಳನ್ನು ಬೇರೆಲ್ಲೂ ಸಿಗದ ಹಾಗೆ ಮಾಡುತ್ತಿದ್ದರು. ಹೊರಗಿನ ಪ್ರವಾಸಿಗಳು ಅದಕ್ಕೇ ಹುಡುಕಿಕೊಂಡು ಬರುತ್ತಿದ್ದರು.

ಆದರೆ ನಮ್ಮ ಜಿಲ್ಲೆಯವರು ಬರುತ್ತಿರಲಿಲ್ಲ. ಬಂದವರೂ ನಿಲ್ಲುತ್ತಿರಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡೆ. ಗುಮ್ಮಟ ನೋಡಿ, ಸಂತೆ ಮುಗಿಸಿ ಬಂದ ಒಂದು ಕುಟುಂಬ ಮೆಟ್ಟಿಲು ಹತ್ತಿ ಬಂದು ಕೂತಿತು. ಮನೆಯ ಯಜಮಾನರು ಇಂಗ್ಲಿಷಿನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಂಡತಿ ಮಕ್ಕಳ ಕಡೆ ನೋಡಿದರು. ಕಾರ್ಡು ಮುಚ್ಚಿಟ್ಟು, “ಚಾ ಸಿಗತೈತೇನ್ರಿ?” ಎಂದು ಕೇಳಿದರು. ಚಹಾ ಕುಡಿದರು, ಎದ್ದು ಹೋದರು. ಕಿಟಕಿಯಿಂದ ನೋಡಿದರೆ ಎದುರಿನ ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು.

“ಅವರು ನಮ್ಮ ಸಿಂದಗಿಯವರು, ಮಾತಿನ ಮ್ಯಾಲ ಗೊತ್ತಾತು,” ಎಂದರು ಮಾಲಕಿ. “ನಮ್ಮೂರವರು ನನ್ನ ಹೊಟೇಲಿಗೆ ಬಂದು ಹೆದರಿ ಹೋದ್ರು ನೋಡ್ರಿ. ಹಸಿದವರನ್ನ ನಾ ಹೆದರಿಸಿ ಕಳಿಸಿದೆ.”

ಪ್ರವಾಸಿಗಳ ಕಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಮೇಜುಗಳು ಖಾಲಿ ಉಳಿಯುತ್ತಿದ್ದವು. ದೀಪಾವಳಿಯ ರಜೆಗೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ಸುತ್ತಲಿನ ನಾಲ್ಕೂ ತಾಲೂಕಿನ ಜನ ಬಟ್ಟೆಬರೆಗೆಂದು ಪಟ್ಟಣಕ್ಕೆ ಇಳಿಯುತ್ತಾರೆ. ಆಗಲೂ ಅವರು ಮೆಟ್ಟಿಲು ಹತ್ತದಿದ್ದರೆ ಈ ಅಡುಗೆಯನ್ನೆಲ್ಲ ತೆಗೆದು, ಇಡೀ ರಸ್ತೆಯಲ್ಲಿ ಸಿಗುವ ಅದೇ ರೊಟ್ಟಿ-ಪಲ್ಯದ ತಾಟಿನ ಊಟ ಹಾಕುವುದು ಎಂದು ಮಾಲಕಿ ನಿರ್ಧರಿಸಿದ್ದರು. ಹಾಗಾದರೆ ತಾವು ಗೋವಾಕ್ಕೆ ಹಿಂದಿರುಗುವುದಾಗಿ ಶೆಫ್ ಹೇಳಿದ್ದರು. ಇಬ್ಬರ ನಡುವೆ ಉಳಿದಿದ್ದ ಕೊನೆಯ ಪ್ರಯತ್ನ ನನ್ನ ಕನ್ನಡ ಕಾರ್ಡು. ಅದು ‘ಘನೀಕೃತ ಕ್ಷೀರಸಾರ’ದಿಂದ ಶುರುವಾಗಿತ್ತು.

ಶೆಫ್ ನಗು ಮುಗಿಸಿ ಹೊರಗೆ ಬಂದು ಒಂದೇ ಮಾತು ಕೇಳಿದರು. “ಮೇಡಂ, ನೀವು ಇದನ್ನು ತಿಂದು ನೋಡಿದ್ದುಂಟಾ?”

ತಿಂದಿರಲಿಲ್ಲ. ಪಂಪಿನ ಕೈಪಿಡಿ ಅನುವಾದಿಸಲು ನಾನು ಪಂಪು ಓಡಿಸಿದವಳಲ್ಲ; ಅದೇ ಅಭ್ಯಾಸ.

ಮೊದಲು ಊರು ಸುತ್ತಿದೆ. ಉಳಿದ ಹೋಟೆಲುಗಳು ತಮ್ಮ ಹೆಸರಾಂತ ತಿನಿಸನ್ನು ಹೇಗೆ ಹೇಳಿ ಮಾರುತ್ತವೆ ಎಂದು ನೋಡಬೇಕಿತ್ತು. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಕಾರ್ಡೇ ಇರಲಿಲ್ಲ. ಬಡಿಸುವವನು ತಲೆಯ ಮೇಲೆ ನಿಂತು, “ಮುಳಗಾಯಿ ಎಣ್ಣೆಗಾಯಿ ಐತಿ, ಹೆಸರುಕಾಳು ಐತಿ, ಇವತ್ತ ಝುಣಕ ಚಲೋ ಆಗೇತಿ ನೋಡ್ರಿ,” ಎನ್ನುತ್ತಿದ್ದ. ‘ಚಲೋ ಆಗೇತಿ’ ಎಂದದ್ದನ್ನೇ ಎಲ್ಲರೂ ತರಿಸಿಕೊಂಡರು. ಫಾಲೂದಾ ಅಂಗಡಿಯಲ್ಲಿ ಎತ್ತರದ ಗಾಜಿನ ಲೋಟ ತುಂಬಿ ಎದುರಿಗೇ ಇಟ್ಟಿದ್ದರು. ಗುಲಾಬಿ ಬಣ್ಣ, ಶಾವಿಗೆ, ಉಬ್ಬಿದ ಸಬ್ಜಾ ಬೀಜ ಎಲ್ಲ ಹೊರಗೇ ಕಾಣುತ್ತಿತ್ತು, ಹೇಳುವ ಅಗತ್ಯವೇ ಇರಲಿಲ್ಲ. ಇನ್ನೊಂದು ದೊಡ್ಡ ಹೋಟೆಲಿನಲ್ಲಿ ಹೊಳೆಯುವ ಕಾರ್ಡಿನ ಮೇಲೆ ಕನ್ನಡವೂ ಇತ್ತು. ‘ಹುರಿದ ಮಗುವಿನ ಜೋಳ’ ಎಂದು ಅಚ್ಚಾಗಿತ್ತು. ಬೇಬಿ ಕಾರ್ನು! ನನ್ನ ಕ್ಷೀರಸಾರ ಅದಕ್ಕಿಂತ ವಾಸಿ ಎಂದು ಸಮಾಧಾನ ಮಾಡಿಕೊಂಡು, ಒಬ್ಬಳೇ ನಗುತ್ತ ಹೊರಬಂದೆ.

ನಂತರ ಶೆಫ್‌ನ ಅಡುಗೆಮನೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತೆ. ಪನ್ನಾ ಕೋಟಾ ಹೇಗೆ ಆಗುತ್ತದೆಂದು ನೋಡಿದೆ. ಹಾಲು, ಕೆನೆ, ಸಕ್ಕರೆ ಒಂದು ಪಾತ್ರೆಯಲ್ಲಿ ಹದವಾಗಿ ಬಿಸಿಯಾಗುತ್ತವೆ, ಕುದಿಯಬಾರದು. ಕಡಲಪಾಚಿಯಿಂದ ತೆಗೆದ ಅಗರ್ ಪುಡಿ ಇನ್ನೊಂದು ಪಾತ್ರೆಯ ನೀರಿನಲ್ಲಿ ಕುದಿಯುತ್ತದೆ. ಅದು ಚೆನ್ನಾಗಿ ಕುದಿಯಲೇಬೇಕು, ಇಲ್ಲವಾದರೆ ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ. ಎರಡೂ ಬಿಸಿಯಿರುವಾಗಲೇ ಕೂಡಿಸಿ, ಸೋಸಿ, ಬಟ್ಟಲುಗಳಿಗೆ ಹೊಯ್ಯಬೇಕು. ಅಗರ್ ಒಂದು ಚಿಟಿಕೆ ಹೆಚ್ಚಾದರೆ ಚಾಕುವಿನಿಂದ ಕತ್ತರಿಸುವಂತಾಗುತ್ತದೆ. “ತಟ್ಟೆ ಅಲ್ಲಾಡಿಸಿದ್ರೆ ಇದು ನಡುಗಬೇಕು ಮೇಡಂ, ಆದ್ರೆ ಬೀಳ್ಬಾರದು,” ಎಂದು ಶೆಫ್ ತಟ್ಟೆಯನ್ನು ಮೆಲ್ಲಗೆ ಕುಲುಕಿ ತೋರಿಸಿದರು. ತಿರಮಿಸು ಎಂಬ ಇನ್ನೊಂದು ಸಿಹಿತಿಂಡಿಯ ಕೆನೆಗೆ ಅವರು ನಮ್ಮ ಇಂಡಿ ತಾಲೂಕಿನ ನಿಂಬೆಹಣ್ಣನ್ನೇ ಹಿಂಡುತ್ತಿದ್ದರು. ಬಿಸಿ ಕೆನೆಗೆ ರಸ ಬಿದ್ದಾಗ ಅದು ಹಾಲಿನಂತೆ ಒಡೆಯದೆ, ಸದ್ದಿಲ್ಲದೆ ದಪ್ಪಗಾಗುತ್ತಿತ್ತು. ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯಲು ಬಿಡುತ್ತಿದ್ದರು, ನಾವು ಶ್ರೀಖಂಡಕ್ಕೆ ಮೊಸರು ಕಟ್ಟುವ ಹಾಗೆ.

ನಾನೊಬ್ಬಳೇ ತಿಂದರೆ ಸಾಲದು ಎನಿಸಿತು. ಕಾರ್ಡು ಯಾರಿಗಾಗಿಯೋ ಅವರೇ ತಿನ್ನಬೇಕು. ಮೂವರನ್ನು ಕರೆದೆ. ಇಂಡಿಯಲ್ಲಿ ನಿಂಬೆ ತೋಟವಿರುವ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯ ನಿವೃತ್ತ ಮಾಸ್ತರು. ನನ್ನ ಅನುವಾದಗಳ ಕರಡನ್ನು ಅವರೇ ತಿದ್ದಿಕೊಡುತ್ತಾರೆ. ಮೂರನೆಯವಳು ನಮ್ಮ ಓಣಿಯ ಕಾಲೇಜಿಗೆ ಬಿ.ಎಡ್. ಓದಲು ದಿನಾ ಬಸ್ಸಿನಲ್ಲಿ ಬರುವ, ಬಸವನ ಬಾಗೇವಾಡಿ ಕಡೆಯ ಗೊಳಸಂಗಿಯ ಹುಡುಗಿ. ನಾನು ಸಿಂದಗಿಯವಳು. ಒಟ್ಟಿನಲ್ಲಿ ನಾಲ್ಕೂ ತಾಲೂಕಿನ ನಾಲಿಗೆಗಳು ಒಂದೇ ಮೇಜಿಗೆ ಬಂದು ಕೂತವು.

ಆ ಮಧ್ಯಾಹ್ನದಷ್ಟು ನಕ್ಕದ್ದು ನನಗೆ ನೆನಪಿಲ್ಲ. ಕಬ್ಬಿಣದ ತಟ್ಟೆಯಲ್ಲಿ ಚುಂಯ್‌ಗುಡುತ್ತ ಬ್ರೌನಿ ಕೇಕು ಬಂದಾಗ ಮಾಸ್ತರು ಕುರ್ಚಿ ಸಮೇತ ಹಿಂದೆ ಸರಿದರು. “ಏ, ಒಗ್ಗರಣಿ ಇನ್ನೂ ನಿಂತಿಲ್ಲ, ತಂದಿಟ್ಟಾರಲ್ಲ!” ಚಿಗವ್ವ ತಿರಮಿಸು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. “ಕಾಫಿಯೊಳಗ ಟೋಸ್ಟ್ ಅದ್ದ್ಯಾರ. ಮ್ಯಾಲ ಕೆನಿ ಹಾಕಿ ಮುಚ್ಚ್ಯಾರ. ನಾ ಚಾದಾಗ ಅದ್ದಿ ತಿಂದ್ರ ನಿಮ್ಮ ಕಾಕಾ ಬೈತಾನ, ಇಲ್ಲಿ ತಾಟಿನಾಗ ಇಟ್ಟು ಕೊಡ್ತಾರ ನೋಡು!”

ನಾನು ಪ್ರತಿ ತಟ್ಟೆಗೂ ಒಂದೇ ಪ್ರಶ್ನೆ ಕೇಳಿದೆ: ಇದಕ್ಕೆ ಏನೆಂದು ಹೆಸರಿಡೋಣ? ಉತ್ತರಗಳು ತಾವಾಗಿಯೇ ಬಂದವು. ಪಾಲಕ್, ಪನೀರು ತುಂಬಿದ ರವಿಯೋಲಿಗೆ ‘ಕಡಬು’. ಟೊಮೆಟೊದ ತಣ್ಣನೆಯ ಗಝ್ಪಾಚೊಗೆ ‘ಸಾರು’. ಚೀಜು ಹಾಕಿದ ಮೆತ್ತನೆಯ ಅನ್ನ ರಿಸೊಟ್ಟೊಗೆ ‘ಹುಗ್ಗಿ’. ಪನ್ನಾ ಕೋಟಾ ಬಂದಾಗ ಮೂವರೂ ಒಟ್ಟಿಗೆ ಕೂಗಿದರು: “ಗಿಣ್ಣ!”

ಎಮ್ಮೆ ಈದ ಮೇಲಿನ ಮೊದಲ ಹಾಲು, ಬೆಲ್ಲ, ಏಲಕ್ಕಿ ಸೇರಿಸಿ ಆವಿಯಲ್ಲಿ ಬೇಯಿಸಿದ ಗಿಣ್ಣ. ಅದೇ ನುಣುಪು, ಅದೇ ನಡುಕ. ಘನೀಕೃತ ಕ್ಷೀರಸಾರವನ್ನು ಹರಿದು ಹಾಕಿ, ಅದೇ ಸಂಜೆ ಹೊಸ ಹೆಸರುಗಳ ಹಾಳೆ ಸಿದ್ಧಪಡಿಸಿ ಝೆರಾಕ್ಸ್ ಮಾಡಿಸಿದೆ. ಇನ್ನು ಕೆಲಸ ಮುಗಿಯಿತೆಂದು ಮನೆಯಲ್ಲಿ ಸಾರಿದೆ ಕೂಡ.

ಭಾನುವಾರ ಪ್ರಯೋಗ. ಬಾಗಿಲಿನಲ್ಲಿ ‘ಕನ್ನಡ ಕಾರ್ಡು ಸಿಗುತ್ತದೆ’ ಎಂದು ಬರೆದು ಹಾಕಿದ್ದೆವು. ಜನ ನಿಜವಾಗಿಯೂ ಬಂದರು. ಬಸವನ ಬಾಗೇವಾಡಿಯ ಎರಡು ಕುಟುಂಬ, ಇಂಡಿ ಕಡೆಯ ಒಂದು ಗೆಳೆಯರ ಗುಂಪು, ಮುದ್ದೇಬಿಹಾಳದ ಹೊಸ ಜೋಡಿ. ಹೆಸರು ಓದಿ ಮುಖ ಅರಳಿಸಿಕೊಂಡು ತರಿಸಿಕೊಂಡರು. ನಾನು ಮೂಲೆಯಲ್ಲಿ ಕೂತು ತಟ್ಟೆಗಳು ಬರುವುದನ್ನೇ ಕಾಯುತ್ತಿದ್ದೆ.

ಮೊದಲು ಕೈಯೆತ್ತಿದ್ದು ಗೆಳೆಯರ ಗುಂಪಿನವರು. “ಸಾರು ಆರಿ ಹೋಗೇತ್ರಿ, ಬಿಸಿ ಮಾಡಿ ಕೊಡ್ರಿ.” ಬಡಿಸುವವರು ಅದು ತಣ್ಣಗೇ ಇರುವುದೆಂದರು. “ಯಾಕ, ಒಲಿ ಕೆಟ್ಟೈತೇನು?” ಎಂದರು ಅವರು. ಕಡಬು ತರಿಸಿಕೊಂಡ ಹೆಣ್ಣುಮಗಳು ಒಂದನ್ನು ಬಿಡಿಸಿ ಒಳಗೆ ನೋಡಿ ಗಂಡನಿಗೆ ತೋರಿಸಿದಳು: “ಹೂರಣ ಎಲ್ಲೈತಿ? ಸೊಪ್ಪು ತುಂಬ್ಯಾರ!” ಹುಗ್ಗಿ ಎಂದರೆ ನಮ್ಮ ಕಡೆ ಬೆಲ್ಲ ಹಾಕಿದ ಗೋಧಿ ಹುಗ್ಗಿ; ಮಗುವೊಂದು ಚೀಜಿನ ಅನ್ನ ಬಾಯಿಗಿಟ್ಟುಕೊಂಡು ಅಳಲು ಶುರುಮಾಡಿತು. ಕೊನೆಗೆ ಬಾಗೇವಾಡಿಯ ಹಿರಿಯರೊಬ್ಬರು ಪನ್ನಾ ಕೋಟಾದ ಬಟ್ಟಲು ಹಿಡಿದು ನೇರವಾಗಿ ಮಾಲಕಿಯ ಹತ್ತಿರವೇ ಬಂದರು. ಸಿಟ್ಟಿರಲಿಲ್ಲ, ಬೇಸರವಿತ್ತು.

“ನೋಡ್ರಿ ಯವ್ವಾ, ಇದು ಗಿಣ್ಣ ಅಲ್ಲ. ನಮ್ಮ ಮನ್ಯಾಗ ಎಮ್ಮಿ ಅದಾವು, ನಮಗ ಗೊತ್ತೈತಿ. ಇಲ್ಲದ್ದನ್ನ ಐತಿ ಅಂತ ಯಾಕ ಬರೀತೀರಿ?”

ಮಾಲಕಿಯ ಮುಖ ಕೆಂಪಾಯಿತು. ಕ್ಷಮೆ ಕೇಳಿ, ಆ ಬಟ್ಟಲನ್ನು ಅವರೇ ಒಳಗೆ ಒಯ್ದರು. ಜನ ಹೋದ ಮೇಲೆ ಶೆಫ್ ಬಂದು ನನ್ನೆದುರು ಕೂತರು. ಕೂಗಾಡಲಿಲ್ಲ. ಏಪ್ರನ್ನು ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟರು.

“ಮೇಡಂ, ನಾನು ಮಾಡಿದ ಪನ್ನಾ ಕೋಟಾ ಒಳ್ಳೇದುಂಟು. ಆದ್ರೆ ಗಿಣ್ಣ ಅಂತ ತಿಂದ್ರೆ ಅದು ಕೆಟ್ಟ ಗಿಣ್ಣ. ಒಂದು ಒಳ್ಳೆ ಪನ್ನಾ ಕೋಟಾವನ್ನು ನೀವು ಕೆಟ್ಟ ಗಿಣ್ಣ ಮಾಡಿಬಿಟ್ರಿ.”

ಮಾಲಕಿ ಕಿಟಕಿಯ ಕಡೆ ನೋಡುತ್ತ, “ಇರಲಿ ಬಿಡ್ರಿ. ತಾಟಿನ ಊಟನ ಹಾಕೂಣು,” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ನಾನು ಇನ್ನೊಂದು ಅವಕಾಶ ಕೇಳಿದೆ. ಯಾವ ಧೈರ್ಯದ ಮೇಲೆ ಕೇಳಿದೆನೋ ಗೊತ್ತಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ.

ಮತ್ತೆ ಮೂವರನ್ನೂ ಕರೆದು ಕೂರಿಸಿದೆ. ಈ ಸಲ ಯಾರೂ ಹೆಸರು ಹೇಳಲೊಲ್ಲರು. ಮಾಸ್ತರು ತಮ್ಮಿಂದಲೇ ತಪ್ಪಾಯಿತೆಂಬಂತೆ ನೀರು ಕುಡಿಯುತ್ತ ಕೂತರು. ಚಿಗವ್ವ, “ನಾ ಇನ್ನ ಬಾಯಿ ಬಿಡೂದಿಲ್ಲವ್ವಾ, ತಿನ್ನಾಕ ಅಷ್ಟ ಬಿಡ್ತೇನಿ,” ಎಂದಳು. ಮೇಜಿನ ಮೇಲೆ ಗಝ್ಪಾಚೊದ ಬಟ್ಟಲುಗಳು ಸುಮ್ಮನೆ ಕೂತಿದ್ದವು.

ಆಗ ಗೊಳಸಂಗಿಯ ಹುಡುಗಿಯ ಫೋನು ರಿಂಗಾಯಿತು. ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ಊರಿನಿಂದ ಮಾಡಿದ್ದಳು. ಹುಡುಗಿ ಎದ್ದು ಹೋಗುವುದರಲ್ಲಿದ್ದಳು, ಚಿಗವ್ವ ತಡೆದಳು. “ಇಲ್ಲೇ ಮಾತಾಡ ತಂಗಿ, ನಮ್ಮದೇನೂ ನಡದಿಲ್ಲ.” ಹುಡುಗಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

“ಎಲ್ಲಿ ಅದಿಯವ್ವಾ?”

“ಹೊಟೇಲಿನಾಗ ಅದೇನಿ ವೈನಿ. ಗಝ್ಪಾಚೊ ಕುಡಿಯಾಕತ್ತೇನಿ.”

“ಏನು ಪಾಚೋ? ಏನದು?”

“ಟೊಮೆಟೊದ್ದು ವೈನಿ. ಸೌತಿಕಾಯಿ, ಬಳ್ಳೊಳ್ಳಿ ಹಾಕಿ ರುಬ್ಬ್ಯಾರ.”

“ಬಿಸಿ ಐತೇನು?”

“ಇಲ್ಲ, ತಣ್ಣಗ ಇರತೈತಿ.”

“ಆರಿದ್ದೇನು?”

“ಆರಿದ್ದಲ್ಲ ವೈನಿ, ಬೇಕಂತನ ತಣ್ಣಗ ಮಾಡ್ಯಾರ. ಬ್ಯಾಸಗಿಗೆ ಮಜ್ಜಿಗಿ ಕುಡಿಯೂದಿಲ್ಲೇನು, ಹಂಗ.”

“ಹಂಗ ಹೇಳು ಮತ್ತ! ಖಾರ ಐತೋ? ಎದರ ಜೋಡಿ ತಿಂತಾರ? ತತ್ತಿ ಗಿತ್ತಿ ಹಾಕಿಲ್ಲಲ್ಲ?”

ನನ್ನ ಕೈ ತಾನಾಗಿಯೇ ಬರೆಯತೊಡಗಿತ್ತು. ಬಿಸಿಯೋ ತಣ್ಣಗೋ. ಖಾರವೋ ಸಿಹಿಯೋ. ಒಳಗೆ ಏನಿದೆ. ಹೇಗೆ ತಿನ್ನುವುದು. ವೈನಿ ಕೇಳಿದ್ದರಲ್ಲಿ ‘ಕನ್ನಡದಲ್ಲಿ ಅದರ ಹೆಸರೇನು’ ಎಂಬ ಪ್ರಶ್ನೆಯೇ ಇರಲಿಲ್ಲ. ಅವಳಿಗೆ ಬೇಕಾದದ್ದು ಧೈರ್ಯ. ಗೊತ್ತಿಲ್ಲದ ತಟ್ಟೆಯ ಮುಂದೆ ಕೂತಾಗ ಏನು ಬಾಯಿಗೆ ಬರುತ್ತದೆಂದು ಮೊದಲೇ ತಿಳಿದಿರುವ ಧೈರ್ಯ.

ಫೋನು ಇಟ್ಟ ಮೇಲೆ ನಾನು ಮಾಲಕಿಯನ್ನೂ ಶೆಫ್‌ನನ್ನೂ ಮೇಜಿಗೆ ಕರೆದು ಹೇಳಿದೆ: ನಾನು ಹೆಸರುಗಳನ್ನು ಅನುವಾದಿಸುವುದಿಲ್ಲ. ಪನ್ನಾ ಕೋಟಾ ಪನ್ನಾ ಕೋಟಾ ಆಗಿಯೇ ಇರಲಿ, ಕನ್ನಡ ಅಕ್ಷರದಲ್ಲಿ. ಅದರ ಕೆಳಗೆ, ತಿಂದವರು ಮನೆಯಲ್ಲಿರುವ ವೈನಿಗೆ ಹೇಳುವ ಹಾಗೆ ಎರಡು ಮಾತು.

“ಅನುವಾದ ಮಾಡಾಕ ಕರೆಸಿದೆ, ನೀವು ಮಾಡೂದಿಲ್ಲ ಅಂತೀರಲ್ರಿ,” ಎಂದರು ಮಾಲಕಿ.

ಆಗ ಮಾಸ್ತರು ಬಾಯಿ ಬಿಟ್ಟರು. “ಬಟಾಟಿ ನಮ್ಮದೇನ್ರಿ? ಸಾಬೂದಾಣಿ ನಮ್ಮದೇನು? ತಿಂದು ತಿಂದು ನಮ್ಮವಾದವು. ಇವೂ ಆಗ್ತಾವ. ಹೆಸರಿಗೆ ಯಾರೂ ಹೆದರೂದಿಲ್ಲ, ಒಳಗ ಏನೈತಿ ಅಂತ ತಿಳಿಲಾರದ್ದಕ್ಕ ಹೆದರ್ತಾರ.”

ಶೆಫ್ ಮಡಚಿಟ್ಟಿದ್ದ ಏಪ್ರನ್ನು ಬಿಡಿಸಿ ಕಟ್ಟಿಕೊಂಡು ಒಳಗೆ ಹೋದರು. ರವಿಯೋಲಿಯ ನೀರು ಒಲೆಗೇರಿದ ಸದ್ದು ಕೇಳಿತು.

ಮುಂದಿನ ಕೆಲಸಕ್ಕೆ ಒಂದು ಪದ್ಧತಿ ಹುಟ್ಟಿತು. ಒಂದು ತಿನಿಸು ಬರುವುದು, ನಾವು ತಿನ್ನುವುದು, ಮಾತಾಡುವುದು, ನಾನು ಬರೆಯುವುದು. ಬರೆದದ್ದನ್ನು ಹುಡುಗಿ ಫೋನಿನಲ್ಲಿ ವೈನಿಗೆ ಓದಿ ಹೇಳುವುದು. ವೈನಿ ಇನ್ನೊಂದು ಪ್ರಶ್ನೆ ಕೇಳಿದರೆ ಸಾಲು ಇನ್ನೂ ಮುಗಿದಿಲ್ಲ ಎಂದರ್ಥ. ಅವಳು “ಹಾಂ, ತಿಳೀತು” ಎಂದರೆ ಮುಂದಿನ ತಟ್ಟೆ. ಅವಳು ಅಲ್ಲಿ ರೊಟ್ಟಿ ಬಡಿಯುತ್ತಲೇ ಉತ್ತರ ಕೊಡುತ್ತಿದ್ದಳು. ರವಿಯೋಲಿಯ ವಿವರ ಓದುವಾಗ ಹಿಂದಿನಿಂದ ತಟತಟ ಸದ್ದು ಬರುತ್ತಿತ್ತು.

ರವಿಯೋಲಿಗೆ ಹೀಗೆ ಬಂತು: ‘ಮೈದಾಹಿಟ್ಟಿನ ತೆಳ್ಳನ ಹಾಳಿಯೊಳಗ ಪಾಲಕ್, ಪನೀರ್ ತುಂಬಿ ನೀರಾಗ ಕುದಿಸಿದ್ದು. ನೋಡಾಕ ಕಡಬು, ಸಿಹಿ ಇಲ್ಲ. ಬಿಸಿ ಬಿಸಿ ತಿನ್ನೂದು.’ ಬ್ರೌನಿಗೆ ಮಾಸ್ತರ ಅನುಭವವೇ ಆಧಾರವಾಯಿತು: ‘ಕಬ್ಬಿಣದ ತಾಟು ಸುಡತಿರತೈತಿ, ಸಣ್ಣ ಹುಡುಗರನ್ನ ಸ್ವಲ್ಪ ದೂರ ಕೂಡಿಸ್ರಿ. ಚುಂಯ್ ಅಂತೈತಿ, ಹೆದರಬ್ಯಾಡ್ರಿ, ಕೇಕು ಐತಿ.’ ಗಝ್ಪಾಚೊಗೆ ‘ಬಿಸಿ ಮಾಡಿದರ ಕೆಡತೈತಿ’ ಎಂದು ಸೇರಿಸಿದ ಮೇಲೆಯೇ ವೈನಿ ಒಪ್ಪಿದಳು.

ರಿಸೊಟ್ಟೊ ಮಾತ್ರ ನಮ್ಮನ್ನು ಒಂದು ಇಡೀ ಮಧ್ಯಾಹ್ನ ಸತಾಯಿಸಿತು. ಬಿಸಿ ತರಕಾರಿ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ಯುತ್ತ, ಕೈ ಬಿಡದೆ ತಿರುವುತ್ತ ಮಾಡುವ ಅನ್ನ ಅದು. ಶೆಫ್ ಬೆವರು ಸುರಿಸಿ ಮಾಡಿ ತಂದರು. ಚಿಗವ್ವ ಎರಡು ತುತ್ತು ತಿಂದು, “ಚಲೋ ಐತಿ. ಆದರ ಖಾರಿಲ್ಲಲ್ಲೋ ತಮ್ಮಾ,” ಎಂದವಳೇ ಚೀಲದಿಂದ ಶೇಂಗಾ ಹಿಂಡಿಯ, ಅಂದರೆ ಖಾರದ ಶೇಂಗಾ ಚಟ್ನಿಪುಡಿಯ, ಡಬ್ಬಿ ತೆಗೆದು, ಆ ಬೆಳ್ಳನೆಯ ಅನ್ನದ ಮೇಲೆ ಉದುರಿಸಿದಳು.

ಶೆಫ್‌ನ ಬಾಯಿ ತೆರೆದೇ ಉಳಿಯಿತು. “ಅಯ್ಯೋ, ಎಂತ ಮಾಡ್ತೀರಿ ಅಮ್ಮ? ಇಟಲಿಯವರು ನೋಡಿದ್ರೆ ಅಳ್ತಾರೆ!”

“ಅಳಲಿ. ಹಿಂಡಿ ತಿಂದ್ರ ಕಣ್ಣಾಗ ನೀರು ಬರೂದ ಐತಿ. ನೀ ಒಂದು ತುತ್ತು ತಿನ್ನು.”

ಬಲವಂತಕ್ಕೆ ಅವರು ಒಂದು ಚಮಚ ತಿಂದರು. ಗೋಡೆ ನೋಡುತ್ತ ಅಗಿದರು. ಮತ್ತೊಂದು ಚಮಚ ತಿಂದರು. ಆಮೇಲೆ ಯಾರ ಕಡೆಯೂ ನೋಡದೆ ಡಬ್ಬಿಗೆ ಕೈಚಾಚಿ ಇನ್ನೊಂದಿಷ್ಟು ಹಿಂಡಿ ಉದುರಿಸಿಕೊಂಡರು. ಮಾಸ್ತರು ಚಪ್ಪಾಳೆ ತಟ್ಟಿದರು. ಕಾರ್ಡಿನಲ್ಲಿ ಹೀಗೆ ಬಂತು: ‘ಚೀಜ್ ಹಾಕಿ ತಿರುವಿ ತಿರುವಿ ಮೆತ್ತಗ ಮಾಡಿದ ಅನ್ನ. ಖಾರ ಇಲ್ಲ. ಬೇಕಂದ್ರ ಶೇಂಗಾ ಹಿಂಡಿ ಕೇಳ್ರಿ, ಕೊಡ್ತೇವಿ.’

ಕೊನೆಯ ತಕರಾರು ತೆಗೆದವರು ಮಾಸ್ತರೇ. ಅಚ್ಚಿಗೆ ಕೊಡುವ ಮೊದಲು ಕರಡು ನೋಡಿ, ಕನ್ನಡಕ ಸರಿಮಾಡಿಕೊಂಡರು. “ಆಡೂ ಮಾತು ಬ್ಯಾರೆ, ಅಚ್ಚಿನ ಮಾತು ಬ್ಯಾರೆ. ‘ಐತಿ’, ‘ಕೊಡ್ತೇವಿ’ ಅಂತ ಬರೆದ್ರ ನಕ್ಕಾರು.”

“ನಗಲಿ,” ಎಂದಳು ಚಿಗವ್ವ. “ಊಟಕ್ಕ ಬಂದವರು ನಕ್ಕೋತ ಕುಂತರ ಲುಕ್ಸಾನೇನು?”

ಮಾಸ್ತರು ಕರಡನ್ನು ಮತ್ತೊಮ್ಮೆ, ಈ ಬಾರಿ ಗಟ್ಟಿಯಾಗಿ ಓದಿದರು. ‘ಹೆದರಬ್ಯಾಡ್ರಿ, ಕೇಕು ಐತಿ’ ಎಂಬಲ್ಲಿಗೆ ಬಂದಾಗ ಅವರಿಗೇ ನಗು ಬಂದು ಕೆಮ್ಮು ಹತ್ತಿತು. ಎರಡು ಕಾಗುಣಿತ ತಿದ್ದಿ ಕೊಟ್ಟರು, ಅಷ್ಟೇ.

ದೀಪಾವಳಿಯ ರಜೆಯ ಹೊತ್ತಿಗೆ ಕಾರ್ಡು ಸಿದ್ಧವಾಗಿತ್ತು. ಮಾಲಕಿ ಅದರ ಒಂದು ದೊಡ್ಡ ಪ್ರತಿಯನ್ನು ಮೆಟ್ಟಿಲಿನ ಕೆಳಗೆ, ರಸ್ತೆಗೆ ಕಾಣುವಂತೆ ಹಾಕಿಸಿದರು. ಬಟ್ಟೆ ಅಂಗಡಿಯ ಚೀಲ ಹಿಡಿದ ಜನ ಅಲ್ಲಿ ನಿಂತು ಓದುತ್ತಿದ್ದರು. ಒಬ್ಬರು ಓದಿದರೆ ಉಳಿದವರು ನಗುತ್ತಿದ್ದರು. ನಕ್ಕವರಲ್ಲಿ ಅರ್ಧ ಜನ ಮೇಲೆ ಹತ್ತಿ ಬಂದರು. ಸಿಂದಗಿಯ ಬಟ್ಟೆ ವ್ಯಾಪಾರಿಯೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ, “ಆ ಚುಂಯ್ ಅನ್ನೂದು ತರ್ರಿ, ಹುಡುಗರನ್ನ ದೂರ ಕೂಡಿಸೇನಿ,” ಎಂದರು. ಗಝ್ಪಾಚೊವನ್ನು ಬಿಸಿ ಮಾಡಿ ಕೊಡಿ ಎಂದು ಯಾರೂ ಕೇಳಲಿಲ್ಲ. ಇಷ್ಟವಾಗದವರೂ ಇದ್ದರು, ಒಬ್ಬರು ತಿರಮಿಸು ಕಹಿಯೆಂದು ಬದಿಗಿಟ್ಟರು. ಆದರೆ ಮೋಸವಾಯಿತೆಂದು ಯಾರಿಗೂ ಅನಿಸಲಿಲ್ಲ. ಮಾಲಕಿ ತಾಟಿನ ಊಟದ ಮಾತು ಮತ್ತೆ ಎತ್ತಲಿಲ್ಲ. ಶೆಫ್ ಅಡುಗೆಮನೆಯಿಂದ ಹೊರಬರಲು ಪುರುಸೊತ್ತಿಲ್ಲದೆ, ಬಾಗಿಲ ಸಂದಿಯಿಂದ ಆಗಾಗ ತಲೆ ಹಾಕಿ ಮೇಜುಗಳನ್ನು ನೋಡಿ ಹೋಗುತ್ತಿದ್ದರು.

ನಾನು ಆ ದಿನ ದುಡ್ಡು ಕಟ್ಟುವ ಗಲ್ಲೆಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದೆ. ಮುದ್ದೇಬಿಹಾಳ ಕಡೆಯ ಒಂದು ದೊಡ್ಡ ಕುಟುಂಬ ಎರಡು ಮೇಜು ಸೇರಿಸಿಕೊಂಡು ಊಟ ಮಾಡುತ್ತಿತ್ತು. ತುದಿಯಲ್ಲಿ ತುಂಬ ವಯಸ್ಸಾದ ಒಬ್ಬ ಅಮ್ಮ, ಇಳಕಲ್ ಸೀರೆಯ ಸೆರಗು ತಲೆತುಂಬ ಹೊದ್ದು ಕೂತಿದ್ದರು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಉಳಿದವರು ತಿನ್ನುವುದನ್ನು ನೋಡುತ್ತ, ಮಗ ಹಾಲಿನಲ್ಲಿ ನೆನೆಸಿ ಕೊಟ್ಟ ಬ್ರೆಡ್ಡನ್ನು ಮೆಲ್ಲಗೆ ನುಂಗುತ್ತಿದ್ದರು.

ಮೊಮ್ಮಗಳು ಸಿಹಿತಿಂಡಿಯ ಸಾಲುಗಳನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು. “ಪನ್ನಾ ಕೋಟಾ. ಹಾಲು, ಕೆನಿ, ಸಕ್ಕರಿ. ತಣ್ಣಗ, ಸಿಹಿ. ನೋಡಾಕ ಗಿಣ್ಣದಂಗ, ಆದರ ಗಿಣ್ಣ ಅಲ್ಲ. ಅಗಿಯೂದು ಬ್ಯಾಡ, ನಾಲಿಗಿ ಮ್ಯಾಲ ಇಟ್ಟರ ಸಾಕು.”

ಅಮ್ಮ ಬ್ರೆಡ್ಡಿನ ಬಟ್ಟಲನ್ನು ಬೆರಳಿನಿಂದ ಆಚೆ ತಳ್ಳಿದರು. “ಅದನ್ನ ತರಸು.”

ಬಟ್ಟಲು ಬಂತು. ತುಸು ನಡುಗುವ ಕೈಯಲ್ಲಿ ಚಮಚ, ತುಸು ನಡುಗುವ ಪನ್ನಾ ಕೋಟಾ. ಮೊದಲ ಚಮಚ ನಾಲಿಗೆಗೆ ಇಟ್ಟುಕೊಂಡು ಚಪ್ಪರಿಸಿದರು. ಒಂದೊಂದೇ ಚಮಚವಾಗಿ ಬಟ್ಟಲು ಖಾಲಿ ಮಾಡಿದರು. ಆಮೇಲೆ ತಲೆಯೆತ್ತಿ ಸುತ್ತಲಿನ ಮೇಜುಗಳನ್ನು ಒಂದೊಂದಾಗಿ ನೋಡಿದರು. ಪಕ್ಕದ ಮೇಜಿನಲ್ಲಿ ಕಾಲೇಜು ಹುಡುಗರೂ ಅದನ್ನೇ ತಿನ್ನುತ್ತಿದ್ದರು. ಅಮ್ಮ ನನ್ನನ್ನೇ ಹೋಟೆಲಿನವಳೆಂದು ತಿಳಿದು ಕೈಸನ್ನೆ ಮಾಡಿ ಕರೆದರು. ಎದ್ದು ಹೋಗಿ ಬಗ್ಗಿದೆ.

“ತಂಗಿ,” ಎಂದು ಮೆಲುದನಿಯಲ್ಲಿ ಕೇಳಿದರು, “ಇದನ್ನ ಹಲ್ಲಿದ್ದವರೂ ತಿಂತಾರನು?”

“ಹೌದ್ರಿ ಅಮ್ಮಾರ, ಎಲ್ಲಾರೂ ತಿಂತಾರ.”

ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಹಂಗಾರ ಇನ್ನೊಂದು ಕೊಡ್ರಿ.”